ಮಕ್ಕಳಿಗೆ ಆಟದ ಚಿಕಿತ್ಸೆ: ಯಾವ ಮಗುವಿಗೆ ಯಾವ ವಿಧಾನ?

"ಆಟ ಆಡುವುದಕ್ಕೆ ಆಸ್ಪತ್ರೆಗೆ ಯಾಕೆ ಬರಬೇಕು? ಮನೆಯಲ್ಲೇ ಆಡುತ್ತದಲ್ಲ!" ಎಂದು ಅನೇಕ ಪಾಲಕರು ಕೇಳುತ್ತಾರೆ. ಪ್ರಶ್ನೆ ಸಹಜವಾದದ್ದೇ. ದೊಡ್ಡವರು ತಮ್ಮ ಭಯ, ದುಃಖಗಳನ್ನು ಮಾತಿನಲ್ಲಿ ಹೇಳಿಕೊಳ್ಳುತ್ತಾರೆ. ಚಿಕ್ಕ ಮಕ್ಕಳಿಗೆ ಅಷ್ಟು ಮಾತು ಬಂದಿರುವುದಿಲ್ಲ. ಗೊಂಬೆ, ಮಣ್ಣು, ಬಣ್ಣಗಳೇ ಅವರ ಮಾತು. ತರಬೇತಿ ಪಡೆದವರು ಆ ಆಟವನ್ನು ಗಮನಿಸಿ ಮಗುವಿಗೆ ನೆರವಾಗುವುದೇ ಆಟದ ಚಿಕಿತ್ಸೆ. ಇದರಲ್ಲಿ ಹಲವು ವಿಧಾನಗಳಿವೆ. ಮುಖ್ಯವಾದ ಮೂರನ್ನು ತಿಳಿದುಕೊಳ್ಳಿ.

1. ಮಗುವೇ ನಡೆಸುವ ಆಟ

ಅಮೆರಿಕದ ವರ್ಜೀನಿಯಾ ಆಕ್ಸ್‌ಲೈನ್ ಅವರು 1947ರ ತಮ್ಮ 'ಪ್ಲೇ ಥೆರಪಿ' ಪುಸ್ತಕದಲ್ಲಿ ಇದರ ಎಂಟು ತತ್ವಗಳನ್ನು ವಿವರಿಸಿದರು. ಏನು ಆಡಬೇಕೆಂದು ಮಗುವೇ ನಿರ್ಧರಿಸುತ್ತದೆ. ಚಿಕಿತ್ಸಕರು ತಿದ್ದುವುದಿಲ್ಲ, ಅವಸರ ಮಾಡುವುದಿಲ್ಲ. "ಗೊಂಬೆಗೆ ಬಹಳ ಸಿಟ್ಟು ಬಂದಿದೆ" ಎಂದು ಮಗುವಿನ ಭಾವನೆಗೆ ಮಾತು ಕೊಡುತ್ತಾರೆ. ಮನೆಯಲ್ಲಿ ಸಾವಾದಾಗ, ಮಗು ಮಂಕಾಗಿ ಒಳಗೇ ಕೊರಗುವಾಗ ಈ ವಿಧಾನ ಹೊಂದುತ್ತದೆ.

2. ಧೈರ್ಯ ಕಲಿಸುವ ಆಟ

ಇಲ್ಲಿ ಗುರಿ ಮೊದಲೇ ಗೊತ್ತಿರುತ್ತದೆ. ದಿನವೂ ಇನ್ಸುಲಿನ್ ಬೇಕಾದ ಮಗು ಸೂಜಿ ಕಂಡರೆ ಕಿರುಚುತ್ತದೆ ಎನ್ನಿ. ಮಗು ಮೊದಲು ಗೊಂಬೆಗೆ ಪಟ್ಟಿ ಕಟ್ಟುತ್ತದೆ. ಆಮೇಲೆ ಸೂಜಿಯಿಲ್ಲದ ಸಿರಿಂಜಿನಿಂದ ಗೊಂಬೆಗೆ ಚುಚ್ಚಿ ಸಮಾಧಾನ ಹೇಳುತ್ತದೆ. ಸೋಪಿನ ಗುಳ್ಳೆ ಊದುತ್ತಾ ನಿಧಾನವಾಗಿ ಉಸಿರು ಬಿಡುವುದನ್ನು ಕಲಿಯುತ್ತದೆ. ಹೀಗೆ ಹೆಜ್ಜೆ ಹೆಜ್ಜೆಯಾಗಿ ಭಯ ಇಳಿಯುತ್ತದೆ.

3. ಪಾಲಕರೇ ಆಡಿಸುವ ವಿಧಾನ

1960ರ ದಶಕದಲ್ಲಿ ಅಮೆರಿಕದ ಬರ್ನಾರ್ಡ್ ಮತ್ತು ಲೂಯಿಸ್ ಗರ್ನಿ ದಂಪತಿ ಇದನ್ನು ರೂಪಿಸಿದರು. ಚಿಕಿತ್ಸಕರು ತಂದೆತಾಯಿಗೆ ತರಬೇತಿ ಕೊಡುತ್ತಾರೆ; ತಂದೆತಾಯಿ ವಾರಕ್ಕೊಮ್ಮೆ ಅರ್ಧ ಗಂಟೆ ಮಗುವಿನೊಡನೆ ಆಡುತ್ತಾರೆ. ಹಟ, ಸಿಟ್ಟು, ಮನೆಯವರೊಂದಿಗೆ ಮುನಿಸು ಇರುವ ಮಗುವಿಗೆ ಇದು ಒಳ್ಳೆಯದು. 93 ಅಧ್ಯಯನಗಳನ್ನು ಒಟ್ಟುಗೂಡಿಸಿದ 2005ರ ವಿಶ್ಲೇಷಣೆಯೊಂದರಲ್ಲಿ, ತರಬೇತಿ ಪಡೆದ ಪಾಲಕರು ನಡೆಸಿದ ಆಟದಿಂದ ಹೆಚ್ಚಿನ ಗುಣ ಕಂಡುಬಂದಿತು.

ಆಯ್ಕೆ ಏಕೆ ಮುಖ್ಯ?

ತಂದೆಯನ್ನು ಕಳೆದುಕೊಂಡ ಮಗುವಿಗೆ ಪಾಠದಂತೆ ಧೈರ್ಯ ಹೇಳಿಕೊಟ್ಟರೆ ಅದು ಇನ್ನಷ್ಟು ಮುದುಡಬಹುದು. ನಾಳೆಯೇ ಸೂಜಿ ಚುಚ್ಚಿಸಿಕೊಳ್ಳಬೇಕಾದ ಮಗುವನ್ನು ಸುಮ್ಮನೆ ಆಡಲು ಬಿಟ್ಟರೆ ಭಯ ಹಾಗೆಯೇ ಉಳಿಯಬಹುದು. ಆದ್ದರಿಂದ ಮೊದಲ ಭೇಟಿಯಲ್ಲೇ ಸಂಕೋಚವಿಲ್ಲದೆ ಕೇಳಿ:

• ನಮ್ಮ ಮಗುವಿಗೆ ಯಾವ ವಿಧಾನ, ಯಾಕೆ?
• ಗುಣವಾಗುತ್ತಿದೆ ಎಂದು ಹೇಗೆ ತಿಳಿಯುವುದು?
• ಎಷ್ಟು ವಾರಗಳ ನಂತರ ಮತ್ತೆ ಪರಿಶೀಲಿಸುತ್ತೀರಿ?
• ಮನೆಯಲ್ಲಿ ನಾವೇನು ಮಾಡಬೇಕು?

ಒಂದೇ ಮಗುವಿಗೆ ಎರಡು ವಿಧಾನ ಬೆರೆಸುವುದೂ ಉಂಟು.

ನೆನಪಿಡಿ

• "ಒಳಗೆ ಏನು ಹೇಳಿದೆ?" ಎಂದು ಮಗುವನ್ನು ಕೆದಕಬೇಡಿ.
• "ಅಳಬೇಡ, ಸೂಜಿ ಚುಚ್ಚಿಸುತ್ತೇನೆ" ಎಂದು ಹೆದರಿಸಬೇಡಿ.
• ಒಂದೆರಡು ಭೇಟಿಗೆ ಫಲ ಕಾಣಲಿಲ್ಲವೆಂದು ಅರ್ಧಕ್ಕೆ ಬಿಡಬೇಡಿ.
• ಹೊಸದಾಗಿ ಹಾಸಿಗೆ ಒದ್ದೆ ಮಾಡುವುದು, ಪದೇ ಪದೇ ಹೊಟ್ಟೆನೋವು ಇದ್ದರೆ ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ.
• ಮಗು ಸಾಯುವ ಮಾತಾಡಿದರೆ ತಡ ಮಾಡದೆ ವೈದ್ಯರಲ್ಲಿಗೆ ಕರೆತನ್ನಿ. ಮಾನಸಿಕ ಆರೋಗ್ಯದ ಉಚಿತ ಸಹಾಯವಾಣಿ ಟೆಲಿ-ಮಾನಸ್: 14416.

ಆಟದ ಕೋಣೆಯಲ್ಲಿ ಮಗು ಕಳೆಯುವುದು ವಾರದಲ್ಲಿ ಒಂದು ಗಂಟೆಯಷ್ಟೇ. ಉಳಿದ ಹೊತ್ತು ಅದು ನಿಮ್ಮ ಮಡಿಲಲ್ಲೇ ಇರುತ್ತದೆ.