ಇಂದಿನ ಧಮ್ಮ ಚಿಂತನೆ: ತಜ್ಞರು ಹೇಳಿದರೆ ಸಾಕೇ?



2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುಮಾಡಿದರು. ಬೇಡವೆಂದವರಿಗೆ ಬಾಳೆಹಣ್ಣು. ಒಂದು ಸಂಜೆ ನನ್ನ ಮಗಳು ಕೇಳಿದಳು: "ಅಪ್ಪಾ, ತತ್ತಿ ತಿಂದ್ರ ಬುದ್ಧಿ ಮಂದ ಆಗ್ತದಂತ, ಖರೇನ?" ಯಾರೋ ದೊಡ್ಡವರು ಹೇಳಿದ್ದರಂತೆ. ಮನೆಯಲ್ಲಿ ಇಷ್ಟಪಟ್ಟು ತಿನ್ನುವ ಹುಡುಗಿ ಮರುದಿನ ಬಾಳೆಹಣ್ಣಿನ ಸಾಲಿನಲ್ಲಿ ನಿಂತಳು.

ಕೆಲವು ಮಠಾಧೀಶರು ಮೊಟ್ಟೆಯನ್ನು ವಿರೋಧಿಸಿದರು. 2022ರಲ್ಲಿ ಹೊಸ ಶಿಕ್ಷಣ ನೀತಿಗಾಗಿ ರಾಜ್ಯದಲ್ಲಿ ತಯಾರಾದ ಒಂದು ವರದಿ, ಮೊಟ್ಟೆ-ಮಾಂಸ ಭಾರತೀಯರ ದೇಹಕ್ಕೆ ಹೊಂದುವುದಿಲ್ಲ ಎಂಬರ್ಥದ ಮಾತು ಬರೆಯಿತು. ಆ ಸಮಿತಿಯ ನೇತೃತ್ವ ವಹಿಸಿದ್ದವರು ಮಾನಸಿಕ ಆರೋಗ್ಯದ ವೈದ್ಯರು. ಅದನ್ನು ಬಲವಾಗಿ ಖಂಡಿಸಿದವರಲ್ಲೂ ವೈದ್ಯರಿದ್ದರು, ಪೋಷಣಾ ತಜ್ಞರಿದ್ದರು. ಹಾಗಾದರೆ ಯಾರನ್ನು ನಂಬಬೇಕು?

ಕೇಸಪುತ್ತದ ಕಾಲಾಮರು ಭಗವಾನರ ಮುಂದೆ ಇಟ್ಟದ್ದೂ ಇದೇ ಕಷ್ಟ. ಬಂದವರೆಲ್ಲ ತಮ್ಮ ಮಾತನ್ನು ಹೊಗಳಿ ಬೇರೆಯವರದ್ದನ್ನು ತೆಗಳುತ್ತಿದ್ದರು. ಪರಂಪರೆ, ಗ್ರಂಥ, ಗುರು ಎಂಬ ಕಾರಣಕ್ಕೆ ಒಪ್ಪಬೇಡಿ ಎಂದರು ಬುದ್ಧರು. ಆ ಹತ್ತರ ಪಟ್ಟಿಯಲ್ಲಿ 'ಭಬ್ಬರೂಪತಾ' ಕೂಡ ಇದೆ: ಹೇಳುವವರು ಯೋಗ್ಯರಂತೆ ಕಾಣುತ್ತಾರೆ ಎಂಬುದೂ ಸಾಲದು.

ನಮ್ಮಲ್ಲಿ ಹಲವರು ಸುತ್ತವನ್ನು ಇಲ್ಲಿಗೇ ನಿಲ್ಲಿಸಿ, ಯಾರನ್ನೂ ನಂಬಬೇಡ ಎನ್ನುತ್ತೇವೆ. ಆದರೆ ಸುತ್ತ ಮುಂದುವರಿಯುತ್ತದೆ. ಪಾಲಿಸಿದರೆ ಹಿತವೋ ಅಹಿತವೋ ನೋಡಿ ಎನ್ನುತ್ತದೆ. 'ವಿಞ್ಞೂ', ಅಂದರೆ ತಿಳಿದವರು, ಅದನ್ನು ಹೊಗಳುತ್ತಾರೋ ತೆಗಳುತ್ತಾರೋ ನೋಡಿ ಎನ್ನುತ್ತದೆ. ಹೇಳುವವರಲ್ಲಿ ಲೋಭ, ದ್ವೇಷ, ಮೋಹ ಬೆರೆತಿದೆಯೇ ಎಂದೂ ಕೇಳಬೇಕು. ಎಲ್ಲರ ಮಾತೂ ಒಂದೇ ತೂಕದ್ದಲ್ಲ.

ಯಾದಗಿರಿಯಲ್ಲಿ ಮೊಟ್ಟೆ ತಿಂದ ಮಕ್ಕಳನ್ನು, ಮೊಟ್ಟೆ ಕೊಡದಿದ್ದ ಗದಗಿನ ಮಕ್ಕಳೊಂದಿಗೆ ಹೋಲಿಸಿ ನೋಡಿದರು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಇವು ಅಳೆದು ಹೇಳಿದ ಮಾತುಗಳು. ಬೇಕಾದವರು ಮತ್ತೆ ಅಳೆಯಬಹುದು. ಬುದ್ಧಿ ಮಂದವಾಗುತ್ತದೆ ಎಂದವರು ಏನನ್ನು ಅಳೆದಿದ್ದರು?

ನನ್ನ ತಪ್ಪನ್ನೂ ಹೇಳಬೇಕು. ಆ ಸಿಟ್ಟಿನಲ್ಲಿ, ದಿನಕ್ಕೊಂದು ಮೊಟ್ಟೆ ತಿಂದರೆ ಯಾವ ರೋಗವೂ ಬಾರದು ಎಂಬ ಸಂದೇಶವನ್ನು ಹತ್ತು ಗುಂಪುಗಳಿಗೆ ಕಳಿಸಿದ್ದೆ. ಯಾರು ಬರೆದದ್ದು, ಆಧಾರವೇನು ಎಂದು ನೋಡಲಿಲ್ಲ. ನಮ್ಮ ಪರವಾಗಿದೆ ಎಂಬುದೇ ನನಗೆ ಪುರಾವೆಯಾಗಿತ್ತು. ದ್ವೇಷ-ಮೋಹಗಳನ್ನು ಎದುರಿನವರಲ್ಲಿ ಹುಡುಕುತ್ತಿದ್ದವನಿಗೆ ತನ್ನಲ್ಲಿರುವುದು ಕಾಣಲಿಲ್ಲ.

ಮಗಳಿಗೆ ನಾನು "ತಿನ್ನು" ಎಂದು ಆಜ್ಞೆ ಮಾಡಲಿಲ್ಲ. ಮೊಟ್ಟೆಯಲ್ಲಿ ಏನಿದೆ, ಯಾರು ಏನು ಹೇಳುತ್ತಾರೆ, ಏಕೆ ಹೇಳುತ್ತಾರೆ ಎಂದು ಕೂರಿಸಿಕೊಂಡು ತಿಳಿಸಿದೆ. ಮುಂದಿನ ವಾರ ತಾನಾಗಿಯೇ ಸಾಲು ಬದಲಿಸಿದಳು.

ಇಂದಿನ ಅಭ್ಯಾಸ: ಆರೋಗ್ಯದ ಸಂದೇಶವೊಂದನ್ನು ಮುಂದೆ ಕಳಿಸುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳೋಣ.
1. ಹೇಳಿದವರು ಈ ವಿಷಯವನ್ನೇ ಕಲಿತವರೇ?
2. ಆಧಾರ ತೋರಿಸಿದ್ದಾರೆಯೇ?
3. ಇದನ್ನು ಪಾಲಿಸಿದರೆ ಯಾರ ಹೊಟ್ಟೆ ತುಂಬುತ್ತದೆ, ಯಾರದು ಬರಿದಾಗುತ್ತದೆ?

ಭವತು ಸಬ್ಬ ಮಂಗಲಂ. ಜೈ ಭೀಮ್ 💙