ದೇಣಿಗೆ ಅಲ್ಲ, ಖರ್ಚು

ಮೈಸೂರಿನಲ್ಲಿ ನಮ್ಮದು ಎಂಟು ಜನರ ಸಾಫ್ಟ್‌ವೇರ್ ಕಂಪನಿ. ಸಹಕಾರ ಸಂಘಗಳಿಗೆ ಲೆಕ್ಕಪತ್ರದ ತಂತ್ರಾಂಶ ಮಾಡಿಕೊಡುತ್ತೇವೆ. ಡೇಟಾ ಕೂರುವುದು ಪೋಸ್ಟ್‌ಗ್ರೆಸ್‌ನಲ್ಲಿ, ತಂತ್ರಾಂಶ ಕಟ್ಟಿರುವುದು ಜಾಂಗೋ ಮೇಲೆ. ರಸೀದಿಯಲ್ಲಿ ‘ಕೃಷ್ಣಪ್ಪ’ ಎಂಬ ಹೆಸರಿನ ಒತ್ತಕ್ಷರಗಳು ಚೆದುರದೆ ಮೂಡಲು ಹಾರ್ಫ್‌ಬಜ್ ಬೇಕು. ಇವೆಲ್ಲ ಯಾರು ಬೇಕಾದರೂ ಬಳಸಬಹುದಾದ ಓಪನ್ ಸೋರ್ಸ್ ತಂತ್ರಾಂಶಗಳು; ಇವನ್ನು ಮಾಡಿದ ಯಾರೂ ನಮಗೆ ಬಿಲ್ಲು ಕಳಿಸುವುದಿಲ್ಲ. ಆದರೂ ಪ್ರತಿ ತಿಂಗಳು ಸಂಬಳ ಹಾಕುವ ದಿನವೇ ಓಪನ್ ಸೋರ್ಸ್‌ಗೆಂದು ತಲೆಗೆ 500 ರೂಪಾಯಿ ತೆಗೆದಿಡುತ್ತೇವೆ.

ಇದನ್ನು ಲೆಕ್ಕದಲ್ಲಿ ದೇಣಿಗೆ ಎಂದು ಬರೆಯಲೇಬಾರದು. ಗಿರಾಕಿಯ ದುಡ್ಡು ತಡವಾದ ತಿಂಗಳು ಮೊದಲು ಕತ್ತರಿ ಬೀಳುವುದು ದೇಣಿಗೆಗೆ. ಬಾಡಿಗೆ, ಕರೆಂಟು ಬಿಲ್ಲಿಗೆ ಯಾರೂ ಕೈ ಹಾಕುವುದಿಲ್ಲ. ಮೇಲಾಗಿ ವಿದೇಶಿ ಪ್ರತಿಷ್ಠಾನಕ್ಕೆ ಕೊಟ್ಟ ದೇಣಿಗೆಗೆ ಇಲ್ಲಿ ತೆರಿಗೆ ವಿನಾಯಿತಿ ಇಲ್ಲ. ಅದರ ಬದಲು, ನಮಗೆ ಬೇಕಾದ ದುರಸ್ತಿಯನ್ನೋ ವರ್ಷದ ಬೆಂಬಲವನ್ನೋ ಆ ತಂತ್ರಾಂಶವನ್ನು ನೋಡಿಕೊಳ್ಳುವ ಮೇಂಟೇನರ್‌ಗೆ ಒಪ್ಪಿಸಿ ಇನ್‌ವಾಯ್ಸ್ ಪಡೆದರೆ ಅದು ವ್ಯಾಪಾರದ ಖರ್ಚಾಗುತ್ತದೆ. ವಿದೇಶದವರಾದರೆ ರಿವರ್ಸ್ ಚಾರ್ಜ್ ಜಿಎಸ್‌ಟಿ (ಸೇವೆ ಪಡೆದವರೇ ಕಟ್ಟಬೇಕಾದದ್ದು), ಟಿಡಿಎಸ್ ಪ್ರಶ್ನೆಗಳು ಬರುತ್ತವೆ. ಹಣ ಕಳಿಸುವ ಮೊದಲೇ ಆಡಿಟರ್ ಹತ್ತಿರ ಕೂತು ಬಗೆಹರಿಸಿಕೊಳ್ಳಿ.

ಯಾರಿಗೆ ಕೊಡಬೇಕು? 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಬಯಲಾದಾಗ, ಆ ದೋಷವಿದ್ದ, ಅರ್ಧ ಜಗತ್ತಿನ ಬ್ಯಾಂಕು, ಅಂಗಡಿಗಳು ನೆಚ್ಚಿಕೊಂಡಿದ್ದ ಗೂಢಲಿಪಿ ಲೈಬ್ರರಿ ಓಪನ್‌ಎಸ್‌ಎಸ್‌ಎಲ್‌ಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಎಂದು ಗೊತ್ತಾಯಿತು. ನನಗೆ ಇವತ್ತಿಗೂ ಸಿಟ್ಟು ತರಿಸುವ ಅಂಕಿ ಅದು. 2024ರಲ್ಲಿ ಎಕ್ಸ್‌ಜೆಡ್ ಎಂಬ ಫೈಲ್ ಕುಗ್ಗಿಸುವ ತಂತ್ರಾಂಶದೊಳಗೆ ಕಳ್ಳಬಾಗಿಲು ಇಟ್ಟವರು ದಣಿದಿದ್ದ ಒಬ್ಬನೇ ಮೇಂಟೇನರ್‌ನ ನಂಬಿಕೆ ಗಳಿಸಿ ಒಳಗೆ ಬಂದಿದ್ದರು. ಆದ್ದರಿಂದ ನಾವು ಬಳಸುವ ಲೈಬ್ರರಿಗಳ ಪಟ್ಟಿ ಹರಡಿಕೊಂಡು, ಒಬ್ಬರೋ ಇಬ್ಬರೋ ಹೊತ್ತು ನಡೆಸುತ್ತಿರುವುದು ಯಾವುದು ಎಂದು ಹುಡುಕುತ್ತೇವೆ. ಹತ್ತಾರು ಕಡೆ ಐದೈದು ಡಾಲರ್ ಚೆಲ್ಲಿದರೆ ಬ್ಯಾಂಕಿನ ಶುಲ್ಕವೇ ಹೆಚ್ಚು ತಿನ್ನುತ್ತದೆ. ವರ್ಷದ 48,000 ರೂಪಾಯಿಯನ್ನು ಎರಡೇ ಯೋಜನೆಗೆ ಹಂಚುತ್ತೇವೆ. ಮುಂದಿನ ವರ್ಷವೂ ಕೊಡುತ್ತೇವೆಂದು ಮೊದಲೇ ತಿಳಿಸುತ್ತೇವೆ. ಬರುವ ಹಣ ಖಾತ್ರಿಯಿದ್ದರೆ ಮಾತ್ರ ಮೇಂಟೇನರ್ ಬೇರೆ ಕೆಲಸ ಬಿಟ್ಟು ಇದಕ್ಕೆ ಸಮಯ ಕೊಡಬಲ್ಲರು. ಜಾಂಗೋ ಪ್ರತಿಷ್ಠಾನ 2014ರಿಂದ ನಿರ್ವಹಣೆಗೆಂದು ಸಂಭಾವನೆ ಕೊಟ್ಟು ‘ಫೆಲೋ’ಗಳನ್ನು ಇಟ್ಟುಕೊಂಡಿರುವುದು ಬಳಸುವವರು ಕೊಡುವ ಹಣದಿಂದ.

ಬೆಂಗಳೂರಿನ ಷೇರು ದಲ್ಲಾಳಿ ಕಂಪನಿ ಜೆರೋಧಾ 2024ರಲ್ಲಿ ಓಪನ್ ಸೋರ್ಸ್‌ಗೆಂದು ವರ್ಷಕ್ಕೆ 10 ಲಕ್ಷ ಡಾಲರ್‌ನ ನಿಧಿ ಆರಂಭಿಸಿತು. ಒಂದು ಯೋಜನೆಗೆ ಕನಿಷ್ಠ 10,000 ಡಾಲರ್. ಅಷ್ಟು ನಮ್ಮ ಕೈಲಾಗದು. ನಮ್ಮ ಪಾಲನ್ನು ಎಎಂಸಿ (ವಾರ್ಷಿಕ ನಿರ್ವಹಣಾ ಗುತ್ತಿಗೆ) ದರದಲ್ಲೇ ಸೇರಿಸಿ ಸಂಘಗಳಿಗೆ ಹೇಳುತ್ತೇವೆ. ಕಾರ್ಯದರ್ಶಿಗಳು ಚೌಕಾಸಿಗೆ ಕೂತರೆ ಉಳಿದ ಬಾಬುಗಳಲ್ಲಿ ಇಳಿಸುತ್ತೇನೆ, ಇದರಲ್ಲಿ ಇಳಿಸುವುದಿಲ್ಲ.