ಗಂಟಲಿಗೆ ತಂಪು, ಪುಪ್ಪುಸಕ್ಕಲ್ಲ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ತಮ್ಮಂದಿರೇ, ಫಿಲ್ಟರನ್ನು ಹಿಸುಕಿದರೆ ‘ಟಿಕ್’ ಎಂದು ಗುಳಿಗೆ ಒಡೆದು ಪುದೀನದ ಘಮ ಬರುವ ಸಿಗರೇಟನ್ನು ‘ಇದು ಹಗುರ, ಏನೂ ಆಗೂದಿಲ್ಲ’ ಎಂದು ಯಾರಾದರೂ ಕೈಗಿಟ್ಟರೆ ನಂಬಬೇಡಿ. ಆ ಘಮ ಕೊಡುವ ಮೆಂಥಾಲ್, ಹೊಗೆಯ ವಿಷವನ್ನು ತೆಗೆಯುವುದಿಲ್ಲ. ತಂಪನ್ನು ಗುರುತಿಸುವ ನರಗಳನ್ನು ಅದು ಕೆಣಕುತ್ತದೆ, ಗಂಟಲಿನ ಉರಿ ಗೊತ್ತಾಗುವುದಿಲ್ಲ. ಹೊಸಬನಿಗೆ ಬರಬೇಕಾದ ಕೆಮ್ಮೇ ಅಡಗುತ್ತದೆ. ಆ ಕೆಮ್ಮು ದೇಹ ಕೊಡುವ ಎಚ್ಚರಿಕೆ. ಅದಿಲ್ಲದಿದ್ದರೆ ಚಟ ಬೇಗ ಹತ್ತುತ್ತದೆ, ಬಿಡುವುದೂ ಕಷ್ಟ. ಟಾರ್, ಕಾರ್ಬನ್ ಮಾನಾಕ್ಸೈಡ್, ನಿಕೋಟಿನ್ ಎಲ್ಲ ಇದ್ದದ್ದೇ. ಕ್ಯಾನ್ಸರ್, ಹೃದಯಾಘಾತ, ದಮ್ಮಿನ ಭಯವೂ ಅಷ್ಟೇ.

ಐರೋಪ್ಯ ಒಕ್ಕೂಟ 2020ರ ಮೇ ತಿಂಗಳಲ್ಲೇ ಮೆಂಥಾಲ್ ಸಿಗರೇಟುಗಳ ಮಾರಾಟ ನಿಲ್ಲಿಸಿತು. ನಮ್ಮಲ್ಲಿ ಅಂಥ ನಿಷೇಧವಿಲ್ಲ, ಆದರೆ ಕರ್ನಾಟಕದ ಕಾನೂನಿನಂತೆ 21 ತುಂಬದವರಿಗೆ ಯಾವ ಸಿಗರೇಟನ್ನೂ ಮಾರುವಂತಿಲ್ಲ. ಅಂಗಡಿಯ ಅಣ್ಣಂದಿರು ಇದನ್ನು ದಯವಿಟ್ಟು ಪಾಲಿಸಬೇಕು.

ಈಗಾಗಲೇ ಚಟ ಹಚ್ಚಿಕೊಂಡಿದ್ದರೆ ನಾಚಿಕೊಳ್ಳಬೇಡಿ. ತಂಬಾಕು ಬಿಡಲು ನೆರವಾಗುವ ಸಹಾಯವಾಣಿ 1800112356ಕ್ಕೆ ಫೋನ್ ಮಾಡಿ, ಖರ್ಚಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ಆಪ್ತಸಲಹೆಗಾರರು ಕನ್ನಡದಲ್ಲೇ ಮಾತಾಡಿ ಬಿಡುವ ದಿನ ಗೊತ್ತುಮಾಡಿಸುತ್ತಾರೆ. ಬಿಟ್ಟ ಮೊದಲ ವಾರ ಸಿಡಿಮಿಡಿ ಇರುತ್ತದೆ, ನಿದ್ದೆ ಕೆಡುತ್ತದೆ. ಮನೆಯವರಿಗೆ ಮೊದಲೇ ಹೇಳಿಟ್ಟಿರಿ.